ಒಬಿಯೆರೊನ ಸೊಟ್ಟ ದಾರಿ
ವಿಕ್ಟೋರಿಯಾ ಸರೋವರದ ದಡದಲ್ಲಿ ಒಬಿಯೆರೊನಷ್ಟು ತನ್ನನ್ನು ತಾನೇ ಹಳಿದುಕೊಳ್ಳುವ ಬೆಸ್ತ ಇನ್ನೊಬ್ಬನಿಲ್ಲ. ಎಲ್ಲಿಂದಲೋ ಬಂದ ಅಂತರಗಂಗೆ ಕಳೆ ನೀರನ್ನೆಲ್ಲ ಮುಚ್ಚಿದ ಮೇಲೆ ಅವನು ಬೆಳಗಾದರೆ ಮಚ್ಚು ಹಿಡಿದು ದೋಣಿ ಹತ್ತುತ್ತಾನೆ, ಕಳೆ ಕಡಿದು ದಾರಿ ಮಾಡುತ್ತಾನೆ. "ನಮ್ಮಪ್ಪ ಮೀನು ಹಿಡೀತಿದ್ದ, ನಾನು ಹುಲ್ಲು ಕೊಯ್ತೀನಿ. ಯಾರಾದ್ರೂ ಒಂದು ಹಸು ಕೊಡ್ರಪ್ಪ, ದೋಣಿಲೇ ಮೇಯಿಸ್ತೀನಿ" ಎಂದು ಕೂಗುತ್ತಾನೆ. ಗಾಳಿ ಬೀಸಿದರೆ ಸಂಜೆಗೆ ದಾರಿ ಮುಚ್ಚಿಹೋಗುತ್ತದೆ. ಮರುದಿನ ಮತ್ತೆ ಮಚ್ಚು, ಮತ್ತೆ ಬೈಗುಳ. ಹೊರಗಿನವರು ತಂದುಬಿಟ್ಟ ಎಂಬುಟ ಎಂಬ ದೈತ್ಯ ಮೀನು ಪುಟ್ಟ ಫುಲು ಮೀನುಗಳನ್ನೆಲ್ಲ ನುಂಗಿಹಾಕಿತೆಂದು ಊರು ಶಪಿಸಿದರೆ, "ನಾನೂ ಶಪಿಸ್ತೀನಿ, ಆಮೇಲೆ ಅದರ ತಲೆ ಸಾರಿಗೆ ಎರಡನೇ ಸಲ ಉಗಾಲಿ ಮುದ್ದೆ ಹಾಕಿಸ್ಕೋತೀನಿ" ಎಂದು ಹೊಟ್ಟೆ ತಟ್ಟಿಕೊಳ್ಳುತ್ತಾನೆ. ಈಚೆಗೆ ಅವನ ದಾರಿ ಜೊಂಡಿನ ಹತ್ತಿರ ಸೊಟ್ಟಗೆ ತಿರುಗತೊಡಗಿದೆ. "ಏನ್ ದೊಡ್ಡಪ್ಪ, ಕುಡಿದು ಕಡಿದ್ರಾ?" ಎಂದು ಮೀನು ಮಾರುವ ಅಕುಮು ಕೇಳಿದರೆ, "ಕಣ್ಣು ಹೋಯ್ತು ಕಣವ್ವ, ಬುದ್ಧಿಯಂತೂ ಮೊದಲೇ ಇರ್ಲಿಲ್ಲ" ಎನ್ನುತ್ತಾನೆ. ನಿಜವೇನೆಂದರೆ, ಜೊಂಡಿಗೆ ಸಿಕ್ಕಿಕೊಂಡ ಕಳೆಯನ್ನು ಅವನು ಒಂದು ದಿನ ಎತ್ತಿದಾಗ, ಎಂಬುಟ ಉಸಿರಾಡಲಾರದ ಆ ಕೊಳಕು ನೀರಿನಲ್ಲಿ, ಬೇರುಗಳ ನಡುವೆ, ಬೆರಳುದ್ದದ ಫುಲುಗಳು ಮಿನುಗುತ್ತಿದ್ದವು. ಅವನ ಅವ್ವ ಅಂಗಳದಲ್ಲಿ ಒಣಹಾಕುತ್ತಿದ್ದ, ಅವನ ಮೊಮ್ಮಕ್ಕಳು ಕಂಡೇ ಇರದ ಮೀನುಗಳು. ಎತ್ತಿದ ಕಳೆಯನ್ನು ಅವನು ಮಲಗಿದ ಮಗುವಿಗೆ ಹೊದಿಸಿದಂತೆ ಮೆಲ್ಲಗೆ ಹೊದಿಸಿದ. ಅಂದಿನಿಂದ ಆ ಜಾಗವನ್ನು ಮುಟ್ಟದೆ ಸುತ್ತುಬಳಸಿಯೇ ದಾರಿ ಕಡಿಯುತ್ತಾನೆ; ಕೆಲಸ ಇಮ್ಮಡಿಯಾಗಿದೆ. ತನ್ನನ್ನು ಬೈದುಕೊಳ್ಳದೆ ಅವನು ಪಕ್ಕದಲ್ಲಿ ಹಾದುಹೋಗುವ ನೀರು ಅದೊಂದೇ.