ಪಿಲಾರ್ ಆಂಟಿಯ ಊರಿನಲ್ಲಿ ನಮ್ಮ ಮನೆ

ಮೊಳಕೆಯೊಡೆದ ರಾಗಿಯ ಹಸಿ ವಾಸನೆ ಮೂಗಿಗೆ ಬಡಿದರೆ ಸಾಕು, ಮಂಗಳೂರಿನ ಈ ಮನೆ ಮರೆತು ದುಬೈಯ ಡಿಸ್ಕವರಿ ಗಾರ್ಡನ್ಸಿನ ನಮ್ಮ ಹಳೆಯ ಫ್ಲ್ಯಾಟು ಕಣ್ಣೆದುರು ಬಂದು ನಿಲ್ಲುತ್ತದೆ. ನಿಮಗೂ ಅಂಥದೊಂದು ವಾಸನೆ ಇದ್ದೀತು. ಕ್ರಿಸ್ಮಸ್ ಹತ್ತಿರವಾಗುತ್ತಿದ್ದಂತೆ ಮಮ್ಮಿ ಗೋದಲಿಗೆಂದು ಅಗಲ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಬಿತ್ತುತ್ತಿದ್ದಳು. ಬಾಲಯೇಸುವಿನ ಕೊಟ್ಟಿಗೆಯ ಸುತ್ತ ಹಸಿರು ಪೈರು ಇಲ್ಲದಿದ್ದರೆ ಅವಳಿಗೆ ಅದು ಹಬ್ಬವೇ ಅಲ್ಲ. ಎದುರು ಫ್ಲ್ಯಾಟಿನ ಪಿಲಾರ್ ಆಂಟಿ, ಹೋಟೆಲೊಂದರಲ್ಲಿ ಬ್ರೆಡ್ ಮಾಡುತ್ತಿದ್ದ ಸ್ಪೇನಿನ ಹೆಂಗಸು, ಒಮ್ಮೆ ಅದನ್ನು ನೋಡಲು ಬಂದವರು ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟರು. "ಕೊಟ್ಟಿಗೆ ಇದೆ, ಸರಿ. ಊರೆಲ್ಲಿ?" ಅವರ ಮುರುಕು ಇಂಗ್ಲಿಷ್ ಈಗ ನನಗೆ ಕನ್ನಡದಲ್ಲೇ ನೆನಪಾಗುತ್ತದೆ. ಅವರ ಕಡೆ ಗೋದಲಿಯೆಂದರೆ ಇಡೀ ಊರೇ ಬೇಕಂತೆ. ಸೇಬಿನ ಪೆಟ್ಟಿಗೆಯ ರಟ್ಟು, ಕತ್ತರಿ, ಅಂಟು ಹಿಡಿದು ಮರುದಿನವೇ ನಮ್ಮ ಹಾಲ್‌ನಲ್ಲಿ ಕೂತರು.

ಊರು ಒಮ್ಮೆಗೇ ಬರಲಿಲ್ಲ. ತಮ್ಮೂರು ಬೆಳೆದ ಕ್ರಮದಲ್ಲೇ ಅದನ್ನು ಕಟ್ಟಬೇಕೆಂಬುದು ಆಂಟಿಯ ಹಟ. ಮೊದಲ ವರ್ಷ ಬರೀ ಒಂದು ಒರತೆ, ಕುರಿ ಕಾಯುವವರು ನೀರಿಗೆಂದು ನಿಲ್ಲುತ್ತಿದ್ದ ಜಾಗ. ಮರುವರ್ಷ ದಾರಿಹೋಕರ ಛತ್ರ, ಊರವರೆಲ್ಲ ಬ್ರೆಡ್ ಸುಟ್ಟುಕೊಳ್ಳುವ ಒಂದೇ ಒಲೆ. ಆಮೇಲಿನ ಹಬ್ಬಗಳಿಗೆ ಚರ್ಚು, ಸೇತುವೆ, ಸಂತೆ, ಕೊನೆಗೆ ರೈಲು. ರೈಲು ಬಂದದ್ದೇ ತಡ, ಒರತೆ ಬತ್ತುತ್ತಿದ್ದ ಆ ಊರಿನ ಜನ ಅದನ್ನೇ ಹತ್ತಿ ಹೊರಟರಂತೆ. ಒಂದು ಸಲ ಮಮ್ಮಿ ರಾಗಿಯನ್ನು ತೀರಾ ಬೇಗ ಬಿತ್ತಿ, ಹಬ್ಬದ ಹೊತ್ತಿಗೆ ಪೈರು ಚರ್ಚಿನ ಗೋಪುರವನ್ನೇ ಮುಚ್ಚಿಬಿಟ್ಟಿತು. "ಅಯ್ಯೋ, ಎಂಥ ಅವಸ್ಥೆ!" ಎಂದು ಮಮ್ಮಿ ಕತ್ತರಿ ತಂದರೆ ಆಂಟಿ ಕೈ ಹಿಡಿದರು. "ಬಿಡು. ನನ್ನೂರಲ್ಲಿ ಇಷ್ಟು ಹಸಿರು ಇದ್ದಿದ್ದರೆ ನಾನ್ಯಾಕೆ ಬಿಟ್ಟು ಬರ್ತಿದ್ದೆ?"

ನನಗಿದ್ದದ್ದು ಒಂದೇ ಆಸೆ: ಆ ಊರಿನಲ್ಲಿ ನಮಗೂ ಒಂದು ಮನೆ. ದುಬೈಯಲ್ಲಿ ಗೋಡೆಗೆ ಮೊಳೆ ಹೊಡೆಯಬೇಕಾದರೂ ಓನರನ್ನು ಕೇಳಬೇಕಿತ್ತು. ಕ್ಲಾಸಿನಲ್ಲಿ ಗೆಳತಿಯರು ಬರುವುದು, ಹೋಗುವುದು ನಡೆದೇ ಇತ್ತು. ಪ್ರತಿ ಡಿಸೆಂಬರಿನಲ್ಲೂ ಗೋಗರೆಯುತ್ತಿದ್ದೆ. "ಯಲ್ಲಾ, ಬೇಗ ಬೇಗ, ಮೊದಲು ಸೇತುವೆ ಮುಗಿಸು," ಎಂದು ಆಂಟಿ ರೇಗಿಸುತ್ತಿದ್ದರು. ಬೇರೆ ಊರಿನವರಿಗೆ ಅಲ್ಲಿ ಜಾಗವೇ ಇಲ್ಲವೇನೋ ಎಂದು ಒಳಗೊಳಗೇ ಸಂಕಟವಾಗುತ್ತಿತ್ತು.

ಒಂದು ನವೆಂಬರಿನಲ್ಲಿ ಪಪ್ಪನ ಕಂಪನಿ ಮುಚ್ಚಿತು. "ವೀಸಾ ಕ್ಯಾನ್ಸಲ್, ಖಲಾಸ್. ಊರಿಗೆ ಹೋಗುವ," ಎಂದರು ಪಪ್ಪ, ಶೂ ಬಿಚ್ಚದೆ ಸೋಫಾದ ಮೇಲೆ ಕೂತು. ಹೊರಡುವ ದಿನ ಆಂಟಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡದೊಂದು ಮನೆ ತಂದು ತೋರಿಸಿದರು. ಮಮ್ಮಿ ವರ್ಣಿಸುತ್ತಿದ್ದ ಮಂಗಳೂರು ಹೆಂಚಿನ ಕೆಂಪು ಮಾಡು ಅದಕ್ಕೆ. ನನಗೆ ಸಿಟ್ಟೇ ಬಂತು. "ಹೋಗುವಾಗ ಕೊಡ್ತೀರಾ?" ಎಂದು ಅತ್ತುಬಿಟ್ಟೆ. ಅವರು ನನ್ನ ಕೂದಲು ಸರಿಮಾಡುತ್ತಾ, "ನನ್ನ ಊರಲ್ಲಿ ಈಗ ಇರುವವರ ಹೆಸರು ನನಗೆ ಗೊತ್ತಿಲ್ಲ ಪುಟ್ಟಿ. ಬಿಟ್ಟು ಹೋದವರ ಮನೆಗಳೆಲ್ಲ ಗೊತ್ತು," ಎಂದರು. ಮನೆಯನ್ನು ನನಗೆ ಕೊಡಲಿಲ್ಲ, ತಮ್ಮಲ್ಲೇ ಇಟ್ಟುಕೊಂಡರು.

ಆ ಕ್ರಿಸ್ಮಸ್ಸಿಗೆ ಮಮ್ಮಿಯ ಫೋನಿಗೆ ಒಂದು ಫೋಟೊ ಬಂತು. ಆಂಟಿ ತಾವೇ ರಾಗಿ ಬಿತ್ತಿದ್ದರು, ಅದೂ ತೀರಾ ಬೇಗ. ಚರ್ಚು, ಸೇತುವೆ, ರೈಲು ಯಾವುದೂ ಕಾಣುತ್ತಿರಲಿಲ್ಲ. ಒರತೆಯ ಪಕ್ಕದಲ್ಲಿ ಮಾತ್ರ ಪೈರನ್ನು ಕೈಯಿಂದ ಬಿಡಿಸಿ ಜಾಗ ಮಾಡಿದ್ದರು. ಅಲ್ಲಿ ನಮ್ಮ ಕೆಂಪು ಮಾಡಿನ ಮನೆಯಿತ್ತು, ಕಿಟಕಿಯಲ್ಲಿ ದೀಪವಿತ್ತು.

ಮುಂದೆ ಅವರೂ ದುಬೈ ಬಿಟ್ಟರು. ಅವರ ನಂಬರು ಈಗ ಬೇರೆ ಯಾರದೋ. ಆ ರಟ್ಟಿನ ಊರು ಏನಾಯಿತೆಂದು ಕೇಳಲು ಯಾರೂ ಉಳಿದಿಲ್ಲ. ಈ ಬೆಳಿಗ್ಗೆ ನಾನು ರಾಗಿ ಬಿತ್ತಿಟ್ಟಿದ್ದ ತಟ್ಟೆಯನ್ನು ನೋಡಿ ಮಮ್ಮಿ ಗದರಿದಳು: "ಎಂತ ಮಾರಾಯ್ತಿ, ಇಷ್ಟು ಬೇಗ ಯಾರಾದ್ರೂ ರಾಗಿ ಬಿತ್ತುತ್ತಾರಾ?" ಹೇಳಿ ಮುಗಿಸುವಷ್ಟರಲ್ಲಿ ಅವಳಿಗೂ ನೆನಪಾಯಿತು. ಚೊಂಬಿನಲ್ಲಿ ನೀರು ತಂದು, ತಟ್ಟೆಯ ಮೇಲೆ ತಾನೇ ಚಿಮುಕಿಸಿದಳು.