ಏಳನೇ ನಂಬರಿನ ಬನಿಯನ್

ಯಲ್ಲಪ್ಪ, ಅಂದು ಬಸವನ ಬಾಗೇವಾಡಿಯ ಮೈದಾನದಲ್ಲಿ ನೀನು ಆಡಿದ ಕಬಡ್ಡಿಯನ್ನು ನನ್ನ ತಮ್ಮನ ಹೆಸರಿಗೆ ಹಚ್ಚಿದವನು ನಾನು. ಬಿಜಾಪುರದಿಂದ ಬಂದಿದ್ದ ಸಾಹೇಬರಲ್ಲ, ರಾಜಕೀಯದವರಲ್ಲ, ನಿನ್ನ ಹಣೆಬರಹವೂ ಅಲ್ಲ — ನಾನು. ಕಂಡಲ್ಲಿ ನೀನು ಇಂದಿಗೂ ಕೈಮುಗಿಯುವ ಈ ಮಾಸ್ತರ.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ಅದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳ ಪಂದ್ಯ. ನಾನು ಸಿಂದಗಿಯ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಎಲ್ಲಿ ಪಂದ್ಯವಿದ್ದರೂ ಪಾಯಿಂಟ್ ಬರೆಯಲು ನನ್ನನ್ನೇ ಕರೆಯುತ್ತಿದ್ದರು. ಸಂಬಳವಿಲ್ಲದ ಕೆಲಸ, ಒಂದು ಕಪ್ ಚಹಾ, ಒಗ್ಗರಣೆ ಹಾಕಿದ ಚುರಮುರಿ, ಅಷ್ಟೇ. ಆದರೆ ಮರ್ಯಾದೆ ಬಹಳವಿತ್ತು. ‘ಮಾಸ್ತರ ಬರದ್ರ ಮುಗೀತು’ ಎನ್ನುತ್ತಿದ್ದರು ಜನ. ಆ ಮಾತು ಕೇಳಿ ಎಷ್ಟು ಉಬ್ಬುತ್ತಿದ್ದೆ ನಾನು!

ನಮ್ಮ ತಾಲೂಕಿನ ತಂಡಕ್ಕೆ ಇದ್ದದ್ದು ಏಳೇ ಬನಿಯನ್. ಹೊರಗೆ ಬಂದವನು ಬೆವರು ತೊಯ್ದ ಬನಿಯನ್ ಬಿಚ್ಚಿಕೊಡಬೇಕು, ಒಳಗೆ ಹೋಗುವವನು ಅದನ್ನೇ ತೊಡಬೇಕು. ಪಾಯಿಂಟಿನ ಹಾಳೆಯಲ್ಲಿ ಆ ನಂಬರಿನ ಮುಂದೆ ಹಳೆಯ ಹೆಸರು ಹೊಡೆದು ಹೊಸ ಹೆಸರು ಹಾಕುವುದು ನನ್ನ ಕೆಲಸ. ನನ್ನ ತಮ್ಮ ಶಂಕರ ಏಳನೇ ನಂಬರು. ಆಟ ಶುರುವಾಗಿ ತುಸು ಹೊತ್ತಿಗೇ ಕಾಲು ಹೊರಳಿಸಿಕೊಂಡು ಕುಂಟುತ್ತ ಹೊರಬಿದ್ದ. ಅವನ ಬನಿಯನ್ ತೊಟ್ಟು ನೀನು ಒಳಗೆ ಹೋದೆ — ಮೋರಟಗಿಯ ಕುರಿ ಕಾಯುವ ಯಲ್ಲಪ್ಪ, ಅಲ್ಲಿಯವರೆಗೆ ಗೆರೆಯಾಚೆ ಕುಕ್ಕರಗಾಲಲ್ಲಿ ಕೂತಿದ್ದವನು.

ಮುಂದೆ ನಡೆದದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಮುದ್ದೇಬಿಹಾಳದವರು ಸುತ್ತುಗಟ್ಟಿ ನಿನ್ನ ಮೇಲೆ ಬಿದ್ದರೆ, ಕೆಳಗಿನಿಂದ ಒಂದು ಕೈ ಮಾತ್ರ ಹೊರಬಂದು ನಡುಗೆರೆ ಮುಟ್ಟುತ್ತಿತ್ತು. ಜನ ಹುಚ್ಚೆದ್ದು ಕೂಗಿದರು. ನಾನೂ ಪೆನ್ಸಿಲ್ ಕೆಳಗಿಟ್ಟು ಚಪ್ಪಾಳೆ ತಟ್ಟಿದೆ. ಆ ಗದ್ದಲದಲ್ಲಿ ಹೆಸರು ಬದಲಿಸುವುದನ್ನು ಮರೆತೆ — ಇದು ನಿಜ. ಅಲ್ಲಿಗೇ ನಿಂತಿದ್ದರೆ ಅದು ಬರೀ ಮರೆವು, ಕ್ಷಮಿಸಬಹುದಿತ್ತು. ನಿಲ್ಲಲಿಲ್ಲ.

ಯಾಕೆಂದರೆ ಅರ್ಧ ಆಟಕ್ಕೆ ನೀನೇ ನನ್ನ ಮೇಜಿನ ಹತ್ತಿರ ಬಂದೆ. ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಬಗ್ಗಿ, ಸಣ್ಣ ದನಿಯಲ್ಲಿ ಅಂದೆ:

“ಮಾಸ್ತರ, ಬನೀನ ಶಂಕ್ರಪ್ಪಂದೈತ್ರಿ, ಆಟ ನಂದೈತಿ. ಹೆಸರ ಬದ್ಲಿ ಮಾಡಿ ಬರಕೋರಿ. ಈ ಸಲ ಆರಿಸಿದ್ರ ಪೊಲೀಸ್ನ್ಯಾಗ ತಗೋತಾರಂತ್ರಿ.”

“ನಾ ಏನ್ ಕುರುಡ ಅದೇನೇನಲೇ? ಹೋಗ, ಆಡ್ ಹೋಗ,” ಎಂದೆ. ನೀನು ನಕ್ಕೆ. ನಿಶ್ಚಿಂತೆಯಿಂದ ಒಳಗೆ ಓಡಿದೆ.

ಕುರುಡನಲ್ಲ, ಯಲ್ಲಪ್ಪ. ಎಲ್ಲ ಕಾಣುತ್ತಿತ್ತು. ಜಿಲ್ಲಾ ತಂಡಕ್ಕೆ ನಮ್ಮ ತಾಲೂಕಿನಿಂದ ಒಬ್ಬನೇ ಎಂಬುದು ಗೊತ್ತಿತ್ತು. ಮರದ ಕೆಳಗೆ ಕಾಲಿಗೆ ಅರಿಶಿನ ಹಚ್ಚಿಕೊಂಡು ಕೂತ ಶಂಕರ, ಮೆಟ್ರಿಕ್ ನಪಾಸಾಗಿ ಮನೆಯಲ್ಲಿ ಎಲ್ಲರ ಬಾಯಿಗೆ ಬಿದ್ದಿದ್ದ ನನ್ನ ತಮ್ಮ — ಅವನೂ ಕಾಣುತ್ತಿದ್ದ. ಆಟ ಮುಗಿದ ಮೇಲೆ, ಜಿಲ್ಲಾ ತಂಡಕ್ಕೆ ಆರಿಸಲು ಬಂದಿದ್ದ ಬಿಜಾಪುರದ ಸಾಹೇಬರು ಕೇಳಿದರು: “ಆ ಏಳನೇ ನಂಬರಿನಾವನ ಹೆಸರೇನ್ರೀ ಮಾಸ್ತರ? ಭಾರಿ ಆಡಿದಾ.”

“ಶಂಕರ ಅಂತರಿ,” ಎಂದೆ.

ನಾಲಿಗೆ ತಡವರಿಸಲೂ ಇಲ್ಲ. ತಮ್ಮನ ಮೇಲಿನ ಮಾಯೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅದಕ್ಕಿಂತ ಹೊಲಸು ಇನ್ನೊಂದಿತ್ತು — ಇವನಿಗೇನು, ಇವನ ಕುರಿಗಳು ಇದ್ದೇ ಇವೆಯಲ್ಲ, ಎಂದು ನನ್ನ ಮನಸ್ಸು ಅಂದಿತ್ತು. ಥೂ ನನ್ನ ಜನ್ಮಕ್ಕೆ! ಮಕ್ಕಳಿಗೆ ಸತ್ಯ ಹೇಳಿರೆಂದು ಪಾಠ ಮಾಡುವ ಬಾಯಿ ಅದು. ಬೇಲಿಯೇ ಎದ್ದು ಹೊಲ ಮೇಯಿತು.

ಜಿಲ್ಲಾ ತಂಡಕ್ಕೆ ಆರಿಸಿದ ಆದೇಶ ಬಂದಾಗ ಶಂಕರ ಬೆಚ್ಚಿದ. “ಅಣ್ಣಾ, ನಾ ಆಡೇ ಇಲ್ಲಲ್ಲೋ?” ಎಂದ. “ಬಾಯಿ ಮುಚ್ಚಿಕೊಂಡ ಹೋಗು,” ಎಂದೆ. ಹೋದ. ಪೊಲೀಸನಾದ, ಮನೆ ಮಾಡಿದ. ಆದರೆ ಆಮೇಲೆ ಒಂದು ದಿನವೂ ಕಬಡ್ಡಿ ನೋಡಲು ನಿಲ್ಲಲಿಲ್ಲ. ನನ್ನೊಡನೆ ಮಾತಾಡುವಾಗ ನೆಲ ನೋಡುತ್ತಿದ್ದ. ಅವನ ಮುಖವನ್ನೂ ನಾನೇ ಕೆಡಿಸಿದೆ. ಆಡದವನನ್ನು ಆರಿಸಿದ್ದು ‘ಮೇಲಿನವರ ಆಟ’ ಎಂದು ತಂಡದ ಹುಡುಗರು ಸಾಹೇಬರನ್ನು ಬೈದರು. ಅವರ ಜೊತೆ ನಾನೂ — ಹೌದು, ನಾನೂ ಬೈದೆ.

ಹೋದ ವಾರ ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ ನೀನು ಸಿಕ್ಕೆ. ಹೆಗಲ ಮೇಲೆ ಕಂಬಳಿ, ಜೊತೆಗೆ ಮೊಮ್ಮಗಳು. ಅವಳೂ ಕಬಡ್ಡಿ ಆಡುತ್ತಾಳಂತೆ, ಆಯ್ಕೆಯಾಗಲಿಲ್ಲವೆಂದು ಮುಖ ಊದಿಸಿಕೊಂಡಿದ್ದಳು. ನನ್ನನ್ನು ತೋರಿಸಿ ನೀನು ಅಂದೆ:

“ಇವ್ರ ನೋಡವ್ವಾ, ನಮ್ಮ ಮಾಸ್ತರ. ಇವ್ರ ಕೈಯಾಗ ಒಂದ ಪಾಯಿಂಟೂ ಹೆಚ್ಚುಕಮ್ಮಿ ಆಗ್ತಿದ್ದಿಲ್ಲ. ಅವತ್ತ ನನ್ನ ಆರಿಸ್ಲಿಲ್ಲಂತ ಎಷ್ಟ ಸಿಟ್ಟ ಬಂದಿತ್ತು. ಆಮ್ಯಾಲ ತಿಳೀತು, ಶಂಕ್ರಪ್ಪನ ಮೊದಲಿನ ಆಟದ ಮುಂದ ನನ್ನ ಆಟನ ಕಮ್ಮಿ ಬಿದ್ದಿತ್ತು. ಮಂದಿನ್ನ ಬೈಬಾರ್ದು, ಇನ್ನಾ ಚಲೋ ಆಡಬೇಕು.”

ನೀನು ಕೊಡಿಸಿದ ಚಹಾ ಕುಡಿದೆ. ನನ್ನ ಚೀಲ ಹೊತ್ತು ತಂದು ಬಸ್ಸಿನಲ್ಲಿಟ್ಟವನೂ ನೀನೇ. ನೌಕರಿ ತಪ್ಪಿಸಿದ್ದಷ್ಟೇ ನನ್ನ ಪಾಪ ಎಂದುಕೊಂಡಿದ್ದೆ, ಯಲ್ಲಪ್ಪ. ಇಷ್ಟು ವರ್ಷ ನೀನು ನಿನ್ನ ಆಟವನ್ನೇ ಹಳಿದುಕೊಂಡು ಬದುಕಿದ್ದು ನನಗೆ ಗೊತ್ತಿರಲಿಲ್ಲ. ಈಗ ಅದನ್ನೇ ಆ ಹುಡುಗಿಗೂ ಕಲಿಸುತ್ತಿದ್ದೀಯ.

ಶಂಕರ ಈಗಿಲ್ಲ, ಅವನ ಮಕ್ಕಳಿಗೆ ನಿನ್ನೆ ಹೇಳಿದ್ದೇನೆ. ನಾಳೆ ಮೋರಟಗಿಗೆ ಬರುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ, ಹೊಸ್ತಿಲು ಹತ್ತಬೇಡ ಎಂದರೆ ಅಂಗಳದಲ್ಲೇ ನಿಲ್ಲುತ್ತೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ. ನಿನ್ನ ಮೊಮ್ಮಗಳನ್ನು ಮಾತ್ರ ಹೊರಗೆ ಕರೆ. ಅವಳೆದುರಿಗೆ, ಓಣಿಗೆಲ್ಲ ಕೇಳುವ ಹಾಗೆ ಒಂದು ಮಾತು ಹೇಳಬೇಕಾಗಿದೆ: ಅವತ್ತು ನಿನ್ನ ಆಟ ಕಡಿಮೆ ಬಿದ್ದಿರಲಿಲ್ಲ, ಯಲ್ಲಪ್ಪ.