ನಾಲ್ಕು ಕುರ್ಚಿಯ ರೈಲು

ಅಚ್ಚುಕೂಟದಲ್ಲಿ ಎಲ್ಲರೂ ಅವರನ್ನು ಕರಡು ಮೇಷ್ಟ್ರು ಎನ್ನುತ್ತಿದ್ದರು. ಪಾಠ ಹೇಳಿದವರಲ್ಲ, ಅಚ್ಚಿಗೆ ಹೋಗುವ ಕರಡು ಹಾಳೆಗಳ ತಪ್ಪನ್ನು ಮೂವತ್ತನಾಲ್ಕು ವರ್ಷ ತಿದ್ದಿದವರು. ಅವರ ಕೆಂಪು ಪೆನ್ನಿಗೆ ಘಟಾನುಘಟಿ ಲೇಖಕರೂ ಹೆದರುತ್ತಿದ್ದರು. ಪ್ರವಾಸಕಥನ ಬಂದರೆ ಮಾತ್ರ ಮೇಷ್ಟ್ರ ಮುಖ ಅರಳುತ್ತಿತ್ತು. ಊರು ಬಿಟ್ಟು ಕದಲದ ಈ ಮನುಷ್ಯ ಕೂತಲ್ಲೇ ಲೋಕ ಸುತ್ತಿಬಿಟ್ಟಿದ್ದರು.

ರಜೆ ಬಂತೆಂದರೆ ಮಗಳದು ಒಂದೇ ರಾಗ. "ಅಪ್ಪಾ, ಈ ಸಲನಾದ್ರೂ ಸಮುದ್ರ ನೋಡೋಕೆ ಹೋಗೋಣ್ವಾ?"

ಸರಿಯಾಗಿ ಆಗಲೇ ಅಚ್ಚುಕೂಟಕ್ಕೆ ಪಠ್ಯಪುಸ್ತಕಗಳ ಗಡಿಬಿಡಿ. "ಮುಂದಿನ ವರ್ಷ" ಎನ್ನುವರು ಮೇಷ್ಟ್ರು. ಆ ಮುಂದಿನ ವರ್ಷ ಬರಲೇ ಇಲ್ಲ. ಬದಲಿಗೆ ಸಂಜೆ ನಡುಮನೆಯಲ್ಲಿ ನಾಲ್ಕು ಕುರ್ಚಿ ಸಾಲಾಗಿಟ್ಟು, ಮೂರನೆಯದರಲ್ಲಿ ಮಗಳನ್ನು ಕೂರಿಸಿ, ಅವತ್ತು ತಿದ್ದಿದ ಪ್ರಯಾಣವನ್ನು ಬಾಯಲ್ಲೇ ಮಾಡಿಸುತ್ತಿದ್ದರು. ಆಗಿನ ಪುಸ್ತಕಗಳಲ್ಲಿ ರೈಲು ತಪ್ಪುತ್ತಿತ್ತು, ಟ್ರಂಕಿನ ಬೀಗ ಕೈಕೊಡುತ್ತಿತ್ತು, ಗುರುತಿಲ್ಲದವರು ಬುತ್ತಿ ಬಿಚ್ಚಿ ಪಾಲು ಕೊಡುತ್ತಿದ್ದರು. ಸಮುದ್ರ ಬರುವುದು ಕೊನೆಯ ಅಧ್ಯಾಯಕ್ಕೆ. ಒಳಗೆ ಅಮ್ಮ ಬಿಂದಿಗೆಯಿಂದ ನೀರು ಸುರಿದರೆ ಅದೇ ಅಲೆ! ಮಗಳು ಫ್ರಾಕು ಎತ್ತಿ ಹಿಡಿದು ಕಿರುಚುತ್ತಿದ್ದಳು.

ಈಗ ಆ ಮಗಳೇ ದೇಶದೇಶ ಸುತ್ತಿ ಪ್ರವಾಸಕಥನ ಬರೆದಿದ್ದಾಳೆ. ಕರಡನ್ನು ಅಪ್ಪನ ಕೈಗೇ ಕೊಟ್ಟಳು. "ನೀನು ನೋಡ್ದೆ ಅಚ್ಚಿಗೆ ಹೋಗಲ್ಲ. ಮಗಳು ಅಂತ ಸುಮ್ನೆ ಬಿಡ್ಬೇಡ."

ಮೇಷ್ಟ್ರು ಬಿಡುವ ಆಸಾಮಿಯೇ? ವಿಮಾನ, ಹೋಟೆಲು, ಫೋಟೊ, ಮತ್ತೆ ವಿಮಾನ. "ಇದ್ರಲ್ಲಿ ದಾರಿನೇ ಇಲ್ವಲ್ಲ" ಎಂದು ಗೊಣಗುತ್ತಲೇ ತಿದ್ದಿದರು. ಕೊನೆಯ ಪುಟದಲ್ಲಿ ಪೆನ್ನು ನಿಂತಿತು. "ಏಳನೇ ವಯಸ್ಸಿನಲ್ಲಿ, ಬೇಸಿಗೆ ರಜೆಗೆ, ಅಪ್ಪ ನನಗೆ ಸಮುದ್ರ ತೋರಿಸಿದ. ಅಂಥ ಸಮುದ್ರ ಆಮೇಲೆ ಎಲ್ಲೂ ಕಾಣಲಿಲ್ಲ."

ಕೈಲಾಗದ ಅಪ್ಪನ ಮಾನ ಉಳಿಸಲು ಮಗಳು ಸುಳ್ಳು ಬರೆದಿದ್ದಾಳೆ ಎನಿಸಿತು ಮೇಷ್ಟ್ರಿಗೆ. ನಡೆಯದ್ದು ಅಚ್ಚಾಗಬಾರದು ಎಂಬುದು ಅವರದೇ ನೇಮ. ಎರಡೂ ಸಾಲು ಹೊಡೆದುಹಾಕಿ ಕಳಿಸಿದರು.

ಮೂರನೇ ದಿನ ಮಗಳು ಹಾಳೆ ಹಿಡಿದು ಬಂದಳು. "ಇದನ್ನ ಯಾಕಪ್ಪಾ ಹೊಡೆದೆ?"

"ನಿನ್ನ ನಾನೆಲ್ಲಮ್ಮಾ ಕರ್ಕೊಂಡು ಹೋದೆ? ಇಡೀ ಬೀದಿಗೆ ಗೊತ್ತು. ಸುಳ್ಳನ್ನ ಹೇಗೆ ಬಿಡ್ಲಿ?"

"ಮೂರನೇ ಕುರ್ಚಿ ನಂದು. ನಾನು ಫ್ರಾಕ್ ಎತ್ತಿ ಹಿಡ್ಕೊಂಡಿದ್ದು ಸುಳ್ಳಾ?" ಮಗಳು ಹಾಳೆಯನ್ನು ಅಪ್ಪನ ಮುಂದಿಟ್ಟಳು. "ನಿಜವಾದ ಸಮುದ್ರದ ಮುಂದೆ ನಿಂತಾಗ್ಲೂ ನಂಗೆ ಅಮ್ಮನ ಬಿಂದಿಗೆ ಸದ್ದೇ ಬೇಕಿತ್ತು ಕಣಪ್ಪಾ."

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಹಾಳೆ ಎಳೆದುಕೊಂಡರು. ತಪ್ಪಾಗಿ ಹೊಡೆದದ್ದನ್ನು ಉಳಿಸಲು ಅವರ ಕಸುಬಿನಲ್ಲೊಂದು ಕ್ರಮವಿದೆ: ಅಕ್ಷರಗಳ ಕೆಳಗೆ ಚುಕ್ಕೆಗಳ ಸಾಲು, ಅಂಚಿನಲ್ಲಿ ಒಂದೇ ಮಾತು. ಮೇಷ್ಟ್ರು ಅದನ್ನು ಬಳಸಿದ್ದು ಬೆರಳೆಣಿಕೆಯಷ್ಟು ಸಲ. ಈ ಸಲ ಚುಕ್ಕೆಗಳು ಸೊಟ್ಟಗೆ ಬಿದ್ದವು. ಅಂಚಿನಲ್ಲಿ ಬರೆದರು: "ಇರಲಿ."